ಯಜಮಾನರ ಗುಪ್ತಪದ

ಸೋಮನಾಥ ಬಂದು ಪಕ್ಕದಲ್ಲಿ ಕೂತರೆ ಯಲಹಂಕದ ಆ ಡಿಪ್ಲೊಮಾ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಏನಾದರೊಂದು ಕೆಲಸ ನೆನಪಾಗಿಬಿಡುತ್ತಿತ್ತು. ಮನುಷ್ಯ ಕೆಟ್ಟವನಲ್ಲ. ಗದಗಿನ ಕಡೆಯವನು, ಪಾಠ ಚೆನ್ನಾಗಿ ಮಾಡುತ್ತಿದ್ದ, ಯಾರ ತಂಟೆಗೂ ಹೋಗುತ್ತಿರಲಿಲ್ಲ. ಆದರೆ ಯಾರದಾದರೂ ಕಂಪ್ಯೂಟರು ಕೈಕೊಟ್ಟಿತೆಂದು ಕಿವಿಗೆ ಬಿದ್ದರೆ ಸಾಕು, ಕುರ್ಚಿ ಎಳೆದುಕೊಂಡು, "ಸ್ವತಂತ್ರ ತಂತ್ರಾಂಶ ಅಂದ್ರ ಏನು ಗೊತ್ತದೇನ್ರಿ?" ಎಂದು ಶುರುಮಾಡುತ್ತಿದ್ದ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಒಳಗೇನಿದೆಯೆಂದು ಬಿಚ್ಚಿ ನೋಡಬಹುದು, ತಿದ್ದಬಹುದು, ಪಕ್ಕದ ಮನೆಯವರಿಗೂ ಹಂಚಬಹುದು. ಅಷ್ಟನ್ನು ಹೇಳುವುದಕ್ಕೆ ಅವನಿಗೆ ಒಂದು ಪೀರಿಯಡ್ ಸಾಲುತ್ತಿರಲಿಲ್ಲ.

ಅವನ ಪ್ರಾಣವೆಲ್ಲ ಇದ್ದದ್ದು ಪೆಲಿಕನ್ ಎಂಬ ಬ್ರೌಸರಿನಲ್ಲಿ. ದೇಶ ದೇಶದ ಜನ ಸೇರಿ ಕಟ್ಟಿದ, ಯಾವ ಕಂಪನಿಯ ಹಂಗೂ ಇಲ್ಲದ ಬ್ರೌಸರು ಅದು. ಅದರ ಮೆನುಗಳನ್ನು ಕನ್ನಡಕ್ಕೆ ತರುವ ತಂಡದಲ್ಲಿ ಸೋಮನಾಥ ಇದ್ದ. ತಂಡವೆಂದರೆ ಹೆಸರಿಗೆ ತಂಡ. ಒಬ್ಬ ಮದುವೆಯಾದ ಮೇಲೆ ಮತ್ತೆ ಮುಖ ತೋರಿಸಲಿಲ್ಲ. ಇನ್ನೊಬ್ಬನಂತೂ "ಎಲ್ಲರಿಗೂ ನಮಸ್ಕಾರ" ಎಂದು ಮೇಲ್ ಹಾಕಿದವನು ಆ ನಮಸ್ಕಾರದಲ್ಲೇ ಮುಗಿಸಿದ್ದ. ಉಳಿದವರು ಸೋಮನಾಥ ಮತ್ತು ಆರ್.ಟಿ. ನಗರದ ಸಬೀರಾ. ಇವನು ಬರೆದದ್ದನ್ನು ಆಕೆ ನೋಡಿ ಒಪ್ಪಬೇಕು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಜಗಳವೆಲ್ಲ ಇ-ಮೇಲಿನಲ್ಲೇ.

ದೊಡ್ಡ ಜಗಳವಾದದ್ದು 'ಮಾಸ್ಟರ್ ಪಾಸ್‌ವರ್ಡ್' ವಿಷಯಕ್ಕೆ. ಉಳಿದೆಲ್ಲ ಪಾಸ್‌ವರ್ಡುಗಳನ್ನು ಬೀಗ ಹಾಕಿಡುವ ಒಂದೇ ಪಾಸ್‌ವರ್ಡು ಅದು. "ಜನಕ್ಕೆ ಪಾಸ್‌ವರ್ಡ್ ಅಂದ್ರೇನೇ ಅರ್ಥ ಆಗೋದು ಸರ್, ಹಾಗೇ ಬಿಡೋಣ" ಎಂದಿದ್ದಳು ಸಬೀರಾ. ಸೋಮನಾಥ ರೇಗಿ, ಕನ್ನಡಕ್ಕೇನು ಪದಗಳ ಬರಗಾಲವೇ ಎಂದು ಹಳಗನ್ನಡದ ಸಾಕ್ಷಿಯನ್ನೂ ತಂದು ಮಾರುದ್ದ ಬರೆದ. ಕೊನೆಗೆ ಆಕೆ "ನಿಮ್ಮಿಷ್ಟ ಸರ್" ಎಂದಳು. ಅದನ್ನು ಅವನು ಗೆಲುವೆಂದು ತಿಳಿದು, ಆ ಸಂಜೆ ಮನೆಗೆ ಜಿಲೇಬಿ ತಂದ. ಪೆಲಿಕನ್ನಿಗೆ 'ಯಜಮಾನರ ಗುಪ್ತಪದ' ಬಂದದ್ದು ಹೀಗೆ.

ಇಷ್ಟೆಲ್ಲ ಮಾಡಿದರೂ ಪೆಲಿಕನ್ನನ್ನು ಕನ್ನಡದಲ್ಲಿ ಬಳಸುವ ಒಂದೇ ಒಂದು ನರಪಿಳ್ಳೆಯನ್ನೂ ಅವನು ಕಂಡಿರಲಿಲ್ಲ.

ಹೀಗಿರುವಾಗ, ತಣಿಸಂದ್ರದಲ್ಲಿ ಅವನಿದ್ದ ಮನೆಯ ಒಡತಿ ಪಟಾಲಮ್ಮ ಒಂದು ದಿನ ಮೆಟ್ಟಿಲ ಕೆಳಗಿಂದಲೇ ಕೂಗಿದಳು. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರಂತಸ್ತಿನ ಬಾಡಿಗೆ ಮನೆಗಳನ್ನು ಬೆಳೆಸಿದ್ದ ಸಂಸಾರ ಅದು. ಸೊಸೆ ಮೋನಿಕಾ ಹೊಸ ಲ್ಯಾಪ್‌ಟಾಪ್ ಕೊಂಡು ಹಳೆಯದನ್ನು ಅತ್ತೆಗೆ ಕೊಟ್ಟಿದ್ದಳು.

"ಮೇಷ್ಟ್ರೇ, ಏನ್ ಒತ್ತಿದ್ರೂ ಜಾಹೀರಾತೇ ಬತ್ತದೆ. ಇದ್ನ ಒಸಿ ನೋಡಿ."

ಸೋಮನಾಥ ಊಟ ಬಿಟ್ಟು ಇಳಿದುಬಂದ. ಅಂದೇ ಅದರಲ್ಲಿದ್ದದ್ದನ್ನೆಲ್ಲ ತೆಗೆದು, ಸ್ವತಂತ್ರ ತಂತ್ರಾಂಶ ಹಾಕಿ, ಪೆಲಿಕನ್ನನ್ನು ಕನ್ನಡದಲ್ಲಿ ಕೂಡಿಸಿದ. ಸೋಫಾದ ತುದಿಯಲ್ಲಿ ಕೂತಿದ್ದ ಪಟಾಲಮ್ಮನ ಗಂಡ ವೆಂಕಟರಾಮಯ್ಯ ಅನುಮಾನದಿಂದಲೇ ನೋಡುತ್ತಿದ್ದ. ಅವನ ಕಡೆ ತಿರುಗಿ ಸೋಮನಾಥ ಹೆಮ್ಮೆಯಿಂದ ಹೇಳಿದ:

"ಇದು ಬ್ಯಾರೇದ್ರ ಹಂಗಲ್ರೀ ಯಜಮಾನ್ರ. ಯಾರ ಮನಿ ಗುಟ್ಟನ್ನೂ ಹೊರಗ ಬಿಡಂಗಿಲ್ಲ."

ಪಟಾಲಮ್ಮನಿಗೆ ಕನ್ನಡದ ಅಕ್ಷರ ನೋಡಿ ಜೀವ ಬಂದಂತಾಯಿತು. ಪೆಲಿಕನ್ನಿನ ಹಕ್ಕಿಯ ಚಿತ್ರಕ್ಕೆ 'ಕೊಕ್ಕರೆ' ಎಂದು ಹೆಸರಿಟ್ಟು, ಬೆಳಗಾದರೆ ಕೊಕ್ಕರೆ ಒತ್ತಿ ಧಾರಾವಾಹಿ ನೋಡತೊಡಗಿದಳು. ಸೋಮನಾಥ ವಾರವೆಲ್ಲ ನೆಲದಿಂದ ಒಂದು ಗೇಣು ಮೇಲೆಯೇ ನಡೆದಾಡಿದ.

ಆ ಭಾನುವಾರ ಬೆಳಿಗ್ಗೆ ಕೆಳಗಿನಿಂದ ದೊಡ್ಡ ಗಲಾಟೆ ಕೇಳಿತು. ಸೋಮನಾಥ ಓಡಿಹೋಗಿ ನೋಡಿದರೆ ಪಟಾಲಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ, ವೆಂಕಟರಾಮಯ್ಯ ತಲೆ ತಗ್ಗಿಸಿ ಕೂತಿದ್ದಾನೆ.

ನಡೆದದ್ದಿಷ್ಟು. ಪಟಾಲಮ್ಮ ಕರೆಂಟು ಬಿಲ್ ಕಟ್ಟಲು ಕೂತಿದ್ದಾಳೆ. ಪಾಸ್‌ವರ್ಡನ್ನು ನೆನಪಿಟ್ಟುಕೊಳ್ಳಲೇ ಎಂದು ಪೆಲಿಕನ್ ಕೇಳಿದೆ. ಹೂಂ ಎಂದು ಒತ್ತಿದ ಕೂಡಲೇ, 'ಮುಂದುವರಿಯಲು ಯಜಮಾನರ ಗುಪ್ತಪದವನ್ನು ನಮೂದಿಸಿ' ಎಂದು ಬಂದಿದೆ. ಆಕೆ ತಿಂಡಿ ತಿನ್ನುತ್ತಿದ್ದ ಗಂಡನ ಮುಂದೆ ಹೋಗಿ ನಿಂತು, "ಏನ್ರೀ ಅದು ನಿಮ್ ಗುಪ್ತ? ಕಂಪ್ಯೂಟ್ರು ಕೇಳ್ತಾ ಐತೆ" ಎಂದಿದ್ದಾಳೆ. "ನಂದ್ಯಾವ ಗುಪ್ತಾನೂ ಇಲ್ಲ ಕಣೇ" ಎಂದು ಅವನು ಎರಡು ಸಲ ಹೇಳಿದ್ದಾನೆ. "ಇಲ್ದಿದ್ರೆ ಅದು ಯಾಕೆ ಕೇಳ್ತದೆ? ಅದ್ಕೇನು ನಿಮ್ ಮೇಲೆ ದ್ವೇಷವಾ?" ಎಂದು ಆಕೆ ದಬಾಯಿಸಿದ್ದೇ ತಡ, ಪಾಪ, ಎಲ್ಲ ಬಯಲಾಯಿತೆಂದುಕೊಂಡು ವೆಂಕಟರಾಮಯ್ಯ ಬಾಯಿಬಿಟ್ಟಿದ್ದಾನೆ. ವಾಕಿಂಗ್ ಎಂದು ದಿನಾ ಹೊರಡುವ ಅವನು ನಾಗವಾರದ ಕೆರೆಯ ಮುಖವನ್ನೇ ನೋಡುವುದಿಲ್ಲ. ಬೇಕರಿಯಲ್ಲಿ ಕೂತು ದಿಲ್‌ಪಸಂದ್ ತಿಂದು ಬರುತ್ತಾನೆ.

"ಸಕ್ಕರೆ ಕಾಯ್ಲೆ ಯಾಕೆ ಇಳೀತಾ ಇಲ್ಲ ಅಂತ ಡಾಕ್ಟ್ರೇ ತಲೆ ಕೆರ್ಕತಾ ಇದ್ರು!" ಎಂದಳು ಪಟಾಲಮ್ಮ. "ಬೆಳಗಾದ್ರೆ ಆಗಲಕಾಯಿ ಇಂಡಿ ಇಂಡಿ ನನ್ ಕೈಯೆಲ್ಲ ಕಹಿಯಾಗೋಯ್ತು ಮೇಷ್ಟ್ರೇ!"

ವೆಂಕಟರಾಮಯ್ಯ ತಲೆಯೆತ್ತಿ ಸೋಮನಾಥನನ್ನು ನೋಡಿದ. "ಯಾರ ಗುಟ್ಟೂ ಆಚಿಗೆ ಬಿಡಾಕಿಲ್ಲ ಅಂದ್ರಲ್ಲ?"

"ಅದು ಬಿಟ್ಟಿಲ್ರೀ. ನೀವs ಹೇಳೀರಿ." ಸೋಮನಾಥ ಬೆವರು ಒರೆಸಿಕೊಂಡ. "ಅದು ನಿಮ್ಮನ್ನ ಕೇಳಿದ್ದಲ್ಲ. ಯಜಮಾನರು ಅಂದ್ರ ಇಲ್ಲಿ... ಮುಖ್ಯವಾದದ್ದು ಅಂತ."

"ಈ ಮನೇಲಿ ಮುಖ್ಯವಾದೋಳು ನಾನು" ಎಂದಳು ಪಟಾಲಮ್ಮ. "ಯಾವ ಪುಣ್ಯಾತ್ಮ ಬರ್ದಿದ್ದು ಅದ್ನ?"

ಸುಳ್ಳು ಹೇಳಬಹುದಿತ್ತು. ಆದರೆ ಸಾಹಿತಿಯ ಸಂಕಟ ನೋಡಿ, ಬೈಗುಳವಾದರೂ ಸರಿ, ಓದುಗರಿಂದ ಬಂದದ್ದಲ್ಲವೆ? "ನಾನs ಬರದದ್ದುರೀ" ಎಂದ.

ಪಟಾಲಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅಂಗಾದ್ರೆ ನಿಮ್ ಲ್ಯಾಪ್‌ಟಾಪ್ ತರ್ಸಿ. ನಿಮ್ದ್ರಾಗೆ ಎಂಗೈತೆ ನೋಡವ."

ಸೋಮನಾಥ ಬೇಡವೆನ್ನುವಷ್ಟರಲ್ಲಿ ಅವನ ಹೆಂಡತಿ ದಾಕ್ಷಾಯಣಿ ಅದನ್ನು ಹಿಡಿದುಕೊಂಡೇ ಇಳಿದುಬಂದಿದ್ದಳು. ತೆರೆದರೆ ಮೆನುವೆಲ್ಲ ಇಂಗ್ಲಿಷ್.

"ಅವ್ರು ಮೊದಲಿಂದಾನೂ ಇಂಗ್ಲಿಷ್‌ನ್ಯಾಗs ಇಟ್ಕೊಂಡಾರ್ರಿ" ಎಂದಳು ದಾಕ್ಷಾಯಣಿ ತೀರಾ ಮುಗ್ಧವಾಗಿ. "ಕನ್ನಡದಾಗ ಹಾಕಿದ್ರ ಅವ್ರಿಗೇ ಏನೂ ಸಿಗಂಗಿಲ್ಲ."

ಅಷ್ಟು ಹೊತ್ತೂ ಮುಖ ಬಾಡಿಸಿಕೊಂಡಿದ್ದ ವೆಂಕಟರಾಮಯ್ಯ ಮೊದಲು ನಕ್ಕ. ತನ್ನ ದಿಲ್‌ಪಸಂದಿಗೊಂದು ಜೊತೆ ಸಿಕ್ಕಿತೆಂಬ ನಗು ಅದು. ಸೋಮನಾಥನೂ ನಗಹೊರಟವನು ಮೆಲ್ಲಗೆ ಲ್ಯಾಪ್‌ಟಾಪ್ ಮುಚ್ಚಿದ. ಇಷ್ಟು ವರ್ಷ ತಾನು ಜನರಿಗಾಗಿ ಬರೆಯುತ್ತಿದ್ದೇನೆಂದುಕೊಂಡಿದ್ದ. ಬರೆದದ್ದು ಸಬೀರಾಳನ್ನು ಸೋಲಿಸುವುದಕ್ಕೆ.

ಮಧ್ಯಾಹ್ನ ಆಕೆಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಹಾಗೆ ಹೇಳಿದ. ಆ ಕಡೆ ಸಬೀರಾ ನಕ್ಕೂ ನಕ್ಕೂ ಸಾಕಾಗಿ ನೀರು ಕುಡಿದು ಬಂದಳು. 'ನಾನು ಅವತ್ತೇ ಹೇಳಿರ್ಲಿಲ್ವಾ' ಎಂಬ ಮಾತಿಗೆ ಅವನು ಕಾಯುತ್ತಿದ್ದ. ಆಕೆ ಕೇಳಿದ್ದೇ ಬೇರೆ.

"ಸರ್, ನಿಜವಾಗ್ಲೂ ಒಬ್ರು ಕನ್ನಡದಲ್ಲಿ ಬಳಸ್ತಿದ್ದಾರಾ? ಅವರನ್ನ ನಾನು ನೋಡ್ಬೇಕಲ್ಲ!"

ಮುಂದಿನ ಭಾನುವಾರ ಸಬೀರಾ ಸ್ಕೂಟರಿನಲ್ಲಿ ಬಂದಿಳಿದಳು. ಪಟಾಲಮ್ಮ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಕ್ಕುಲಿ ಕೊಟ್ಟು, ಸೋಮನಾಥನಿಗೆ "ಮೇಷ್ಟ್ರೇ, ನೀವು ಒಸಿ ಸುಮ್ಕಿರಿ" ಎಂದು ಹೇಳಿ ಶುರುಹಚ್ಚಿಕೊಂಡಳು. 'ಅಧಿವೇಶನವನ್ನು ಮರುಸ್ಥಾಪಿಸಿ' ಎಂದಿದ್ದಲ್ಲಿ, "ಇದ್ಯಾಕೆ? ಅದ್ನ ಇದಾನಸೌದದೋರು ಮಾಡ್ಕತರೆ" ಎಂದಳು. ಸಬೀರಾ ಅದನ್ನು ಹೊಡೆದುಹಾಕಿ 'ಹಿಂದಿನ ಪುಟಗಳನ್ನು ಮತ್ತೆ ತೆರೆ' ಎಂದು ಬರೆದುಕೊಂಡಳು. ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವುದಕ್ಕೆ ಸೋಮನಾಥ ಇಟ್ಟಿದ್ದ 'ಅವತರಣ' ಎಂಬ ಹೆಸರನ್ನು ನೋಡಿ ಪಟಾಲಮ್ಮ ದೇವರ ಫೋಟೋದ ಕಡೆಗೆ ಕೈಮುಗಿದಳು. ಅದೂ ಹೋಯಿತು. ಹಾಗೆಂದು ಆಕೆ ಹೇಳಿದ್ದೆಲ್ಲ ಚಿನ್ನವೇನಲ್ಲ. ಪುಟದ ಮೇಲಂಚಿನಲ್ಲಿರುವ ಟ್ಯಾಬಿಗೆ 'ಸೆರಗು' ಎನ್ನಬೇಕೆಂದು ಹಟ ಹಿಡಿದಳು. ಆ ಹಟ ಬಿಡಿಸುವಷ್ಟರಲ್ಲಿ ಚಕ್ಕುಲಿಯ ತಟ್ಟೆ ಖಾಲಿಯಾಗಿತ್ತು.

ಕೊನೆಗೆ ಸೋಮನಾಥ ಅಳುಕುತ್ತಾ ಕೇಳಿದ: "ನಂದು ಒಂದಾದ್ರೂ ಉಳೀತೇನ್ರಿ?"

"'ಹಿಂದೆ', 'ಮುಂದೆ' ಚೆಂದಾಗೈತೆ" ಎಂದಳು ಪಟಾಲಮ್ಮ, ಅವನ ಮೇಲೆ ಕನಿಕರ ಬಂದು.

"ಅದು ನಾನು ಬರೆದಿದ್ದು ಆಂಟಿ" ಎಂದಳು ಸಬೀರಾ.

ಪೆಲಿಕನ್ನಿನ ಹೊಸ ಆವೃತ್ತಿ ಬಂದಾಗ ಯಜಮಾನರು ಹೋಗಿ 'ಮುಖ್ಯ ಪಾಸ್‌ವರ್ಡ್' ಬಂದಿತ್ತು. ಪಟಾಲಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ, ಮಾಕಳಿಯಲ್ಲಿದ್ದ ತನ್ನ ತಂಗಿಗೂ ಕೊಕ್ಕರೆ ಹಾಕಿಕೊಟ್ಟು ಬರಬೇಕೆಂದು ಸೋಮನಾಥನನ್ನು ಅಟ್ಟಿದಳು. ಅವನು ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತು, ಯಶವಂತಪುರದಲ್ಲಿ ಮೆಟ್ರೊ ಹತ್ತಿ, ನಾಗಸಂದ್ರದಲ್ಲಿಳಿದು, ಬಸ್ಸಿನಲ್ಲಿ ಜೋತುಬಿದ್ದು ಮಾಕಳಿ ಸೇರಿದ. ಈ ಸಲ ಭಾಷಣ ಬಿಗಿಯಲಿಲ್ಲ. ಸುಮ್ಮನೆ ಕೂತು ಎಲ್ಲ ಹಾಕಿ, ತಂಗಿಯ ಮುಂದೆ ತಿರುಗಿಸಿಟ್ಟ.

ಆಕೆ ಬಾಗಿಲ ಕಡೆ ಒಮ್ಮೆ ನೋಡಿದಳು. ಅಲ್ಲಿ ಜಗಲಿಯ ಮೇಲೆ ಆಕೆಯ ಗಂಡ ಪೇಪರು ಓದುತ್ತಿದ್ದ. ದನಿ ತಗ್ಗಿಸಿ ಹೇಳಿದಳು: "ಸರಿ, ಈಗ ಯಜಮಾನ್ರ ಗುಪ್ತ ಕೇಳ್ಸಿ."

"ಅದನ್ನ ತಗದೀವ್ರಿ ಅಕ್ಕಾರ. ತಪ್ಪಾಗಿತ್ತು."

"ಅಯ್ಯೋ, ನಾನು ಕರ್ಸಿದ್ದೇ ಅದ್ಕೆ ಕಣಪ್ಪಾ! ನಮ್ ಭಾವನ ಬಾಯೇ ಬಿಡಿಸ್ತಂತೆ. ಅಳೇದು ಇದ್ರೆ ಅದ್ನೇ ಆಕ್ಕೊಡಿ."

ಸ್ವತಂತ್ರ ತಂತ್ರಾಂಶದ ಹಳೆಯ ಆವೃತ್ತಿಗಳೆಲ್ಲ ಯಾರಿಗೆ ಬೇಕಾದರೂ ಸದಾ ತೆರೆದೇ ಇರುತ್ತವೆ. ಅದರ ಸೊಗಸೇ ಅದು, ಅದರ ಮೇಲೆ ಸೋಮನಾಥ ಗಂಟೆಗಟ್ಟಲೆ ಮಾತಾಡಬಲ್ಲ. ಬಾಯಿ ತೆರೆದೂ ಬಿಟ್ಟ. ಅಷ್ಟರಲ್ಲಿ ಜಗಲಿಯಲ್ಲಿ ಪೇಪರು ಸ್ವಲ್ಪ ಕೆಳಗಿಳಿದು, ಅದರ ಮೇಲಿಂದ ಎರಡು ಕಣ್ಣು ಒಳಗೆ ಇಣುಕಿದವು.

"ಹಳೇದು ಎಲ್ಲೂ ಸಿಗಂಗಿಲ್ರಿ" ಎಂದ ಸೋಮನಾಥ.

ತಂಗಿಗೆ ಬೇಜಾರಾಯಿತು, ಆದರೂ ಮಜ್ಜಿಗೆ ಕೊಟ್ಟಳು. ಬೇಡವೆಂದರೂ ಕೇಳದೆ ಆಕೆಯ ಗಂಡ ಅವನನ್ನು ಬೈಕಿನಲ್ಲಿ ನಾಗಸಂದ್ರದ ಮೆಟ್ರೊವರೆಗೂ ಬಿಟ್ಟುಬಂದ. ದಾರಿಯುದ್ದಕ್ಕೂ ಕಂಪ್ಯೂಟರಿನ ಮಾತನ್ನು ಅವನೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ.