ಗಾಜಿನ ಕೆಳಗೆ ಹಾದ ದೋಣಿ

ಕಡಲ ಸುಳಿಗಳ ಮೇಲೆ ಕಟ್ಟಿದ ನರುತೋ ಸೇತುವೆಯ ಹೊಟ್ಟೆಯೊಳಗಿನ ನಡಿಗೆದಾರಿಗೆ ಬರಲು ತೊಯೊ ಮುದುಕಿ ಒಪ್ಪಿದ್ದೇ ಒಂದು ಷರತ್ತಿನ ಮೇಲೆ. ನೆಲಕ್ಕೆ ಗಾಜು ಹಾಕಿದ ಕಡೆ ತಾನೂ ಕಾಲಿಡುವುದಿಲ್ಲ, ಸೊಸೆ ಮಿಸುಜುವೂ ಇಡಕೂಡದು. ಮೀನುಗಾರರ ಬಲೆ, ಗಾಳ, ದೋಣಿ ಯಾವುದನ್ನೂ ಹೆಂಗಸು ಮೇಲಿಂದ ದಾಟಬಾರದು. ದಾಟಿದರೆ ದೋಣಿಯಲ್ಲಿ ನೆಲೆಸಿದ ದೇವಿ ಮುನಿದು ಎದ್ದು ಹೋಗುತ್ತಾಳೆ. ಗಾಜಿನ ಕೆಳಗೆ ಯಾವಾಗ ಯಾರ ದೋಣಿ ಹಾಯುತ್ತದೋ ಯಾರಿಗೆ ಗೊತ್ತು? ಮಿಸುಜು ಹೂಂ ಎಂದಿದ್ದಳು. ಅತ್ತೆಗೆ ಹೂಂ ಎಂದು ಅವಳಿಗೆ ರೂಢಿಯಾಗಿತ್ತು.

ಕಿಟಕಿಯ ಬಳಿ ನಿಂತು ಸುಳಿ ನೋಡುತ್ತಿದ್ದಾಗ ಗಂಡ ಶುಂಜಿಯ ದೋಣಿ ಕಂಡಿತು. ಅದರ ಮೂತಿ ಅಡ್ಡ ತಿರುಗಿತ್ತು, ಹಿಂದೆ ನೊರೆ ಇರಲಿಲ್ಲ. ಎಂಜಿನ್ ನಿಂತಿತ್ತು. ಉಬ್ಬರದ ಸೆಳೆತ ದೋಣಿಯನ್ನು ಸೇತುವೆಯತ್ತ ಎಳೆಯುತ್ತಿತ್ತು.

ಅವಳು ಫೋನ್ ಮಾಡಿದಳು. ವಾಕಾಮೆ ಪಾಚಿ ಬೆಳೆಸುವ ಹಗ್ಗವೊಂದು ಕಿತ್ತುಬಂದು ಪ್ರೊಪೆಲರಿಗೆ ಸುತ್ತಿಕೊಂಡಿದೆ, ಕೊಯ್ಯುತ್ತಿದ್ದೇನೆ, ತಲೆ ತಿನ್ನಬೇಡ ಎಂದು ಶುಂಜಿ ಗದರಿದ. ಬಗ್ಗಿ ಕೂತವನಿಗೆ ಬೆನ್ನ ಹಿಂದೆ ಬಾಯಿ ತೆರೆಯುತ್ತಿದ್ದ ಸುಳಿ ಕಾಣುತ್ತಿರಲಿಲ್ಲ. ಫೋನ್ ಇಡಬೇಡಿ, ಸ್ಪೀಕರಿಗೆ ಹಾಕಿ ಎಂದು ಅವಳು ಗೋಗರೆದಳು.

ಅಷ್ಟರಲ್ಲಿ ದೋಣಿ ಸೇತುವೆಯಡಿ ನುಗ್ಗಿ ಕಿಟಕಿಗೆ ಮರೆಯಾಯಿತು. ಇನ್ನು ಅದು ಕಾಣುವುದು ಗಾಜಿನಿಂದ ಮಾತ್ರ. ಗಾಜಿನ ಅಂಚಿನಿಂದ ಬಗ್ಗಿದರೆ ಅದರ ಮೇಲೆ ಬರೀ ದೀಪದ ಹೊಳಪು. ಮಿಸುಜು ಹೆಜ್ಜೆ ಎತ್ತಿದಳು. ತೊಯೊ ಅವಳ ತೋಳು ಹಿಡಿದಳು.

"ಬೇಡ ಕಣೇ. ಅವನ ನೆತ್ತಿ ಮೇಲೆ ಕಾಲಿಡ್ತೀಯಾ?"

"ಬಿಡಿ ಅತ್ತೆ. ಅವರು ಬದುಕಿದ್ರೆ ತಾನೆ ದೇವಿ ಮುನಿಯೋದು?"

ಕೊಸರಿಕೊಂಡು ಗಾಜಿನ ಮೇಲೆ ನಿಂತಳು. ಅವಳ ಎರಡು ಪಾದಗಳ ನಡುವೆ, ತೀರಾ ಕೆಳಗೆ, ಗಂಡನ ಬೆನ್ನು. ಸುಳಿಯ ಪಕ್ಕದಲ್ಲಿ ಎಣ್ಣೆ ಸವರಿದಂತೆ ನುಣುಪಾದ, ಸೆಳೆತವಿಲ್ಲದ ನೀರಿನ ಪಟ್ಟಿ.

"ಹಗ್ಗ ಬಿಡಿ, ಹುಟ್ಟು ತಗೊಳ್ಳಿ. ಅವಾಜಿ ದ್ವೀಪದ ಕಡೆಗೆ ಹಾಕಿ. ಇನ್ನೂ. ಇನ್ನೂ."

ಅವಳ ದನಿಯಲ್ಲಿ ಏನಿತ್ತೋ, ಶುಂಜಿ ಹಗ್ಗ ಬಿಟ್ಟು ಹುಟ್ಟಿಗೆ ಕೈ ಹಾಕಿದ. ದೋಣಿಯ ಹಿಂಭಾಗ ಸುಳಿಯ ಅಂಚಿಗೆ ಸಿಕ್ಕಿ ಗಿರಕ್ಕನೆ ತಿರುಗಿತು. ಶುಂಜಿ ಹುಟ್ಟಿನ ಮೇಲೆ ಮೈಯೆಲ್ಲ ಹೇರಿದ. ದೋಣಿ ಜಾರಿ ನುಣುಪು ನೀರಿಗೆ ಬಿತ್ತು. ದೂರದಿಂದ ಇನ್ನೊಂದು ದೋಣಿ ಅವನತ್ತ ಬರತೊಡಗಿತ್ತು.

ಶುಂಜಿ ಏದುಸಿರು ಬಿಡುತ್ತ ತಲೆ ಎತ್ತಿ ಮೇಲೆ ನೋಡಿದ.

"ಎಲ್ಲಿಂದ ನೋಡ್ತಿದ್ದೀಯ ನೀನು? ನನ್ನ ದೋಣಿ ದಾಟಿದ್ಯಾ?"

ಅವನು ತಾಯಿಗೆ ತಕ್ಕ ಮಗ. ಹೆಂಡತಿ ದಾಟಿದ ದೋಣಿಯನ್ನು ಮತ್ತೆ ನೀರಿಗಿಳಿಸುವವನಲ್ಲ. ಅವಳನ್ನು ಜನ್ಮವಿಡೀ ಕ್ಷಮಿಸುವವನೂ ಅಲ್ಲ.

ತೊಯೊ ಫೋನನ್ನು ಕಿತ್ತುಕೊಂಡಳು.

"ದಾಟಿದ್ದು ನಾನು ಕಣೋ, ನಿನ್ನ ಹೆತ್ತವಳು. ಅವಳು ಕಿಟಕಿ ಹತ್ರಾನೇ ನಿಂತಿದ್ಲು. ದೇವಿಗೆ ಕೋಪ ಬಂದಿದ್ರೆ ನನ್ನ ಹತ್ರ ಬರ್ಲಿ."

ಫೋನ್ ಹಿಂದಕ್ಕೆ ಕೊಟ್ಟು, ಮುದುಕಿ ಕಂಬಿ ಹಿಡಿದು ಚಪ್ಪಲಿ ಬಿಚ್ಚಿದಳು. ದೋಣಿ ಇನ್ನೂ ಕೆಳಗೇ ಇತ್ತು. ಕಣ್ಣು ಮುಚ್ಚಿಕೊಂಡು ಗಾಜಿನ ಮೇಲೆ ಕಾಲಿಟ್ಟಳು.

"ಮಗನಿಗೆ ಸುಳ್ಳು ಹೇಳಿ ನಂಗೆ ಅಭ್ಯಾಸ ಇಲ್ಲ," ಎಂದಳು. "ಕೈ ಹಿಡ್ಕೊ, ತಲೆ ತಿರುಗ್ತಿದೆ."