ಒಂಬತ್ತನೇ ದಿನದ ಹಾಡು

"ಮೂತಿ ನೋಡು ಮೂತಿ! ಹೆಣದ ಮುಂದೆ ಕೂತ ಹಾಗೆ! ದೊಡ್ಡ ಮನುಷ್ಯರು ಬಂದಿದ್ದಾರೆ ಕಣೇ ದರಿದ್ರದವಳೇ, ಸ್ವಲ್ಪ ಹಲ್ಲು ಬಿಡು, ವೇದಿಕೆ ಹತ್ತಿ ಹಾಡು!"

ಟಿಬೆಟನ್ನರ ಸಂಘದ ಕಾರ್ಯದರ್ಶಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೂಗಿದ. ಪಾತ್ರೆಯಕ್ಕ ಮೊಣಕೈವರೆಗೂ ಸೋಪಿನ ನೊರೆ ಮಾಡಿಕೊಂಡು ತಟ್ಟೆ ಉಜ್ಜುತ್ತಲೇ ಇದ್ದಳು. ಹೆಣದ ಮುಂದೆ ಕೂರುವ ಭಾಗ್ಯವಾದರೂ ಅವಳಿಗೆಲ್ಲಿತ್ತು? ಅವ್ವ ಸತ್ತದ್ದು ಗಡಿಯಾಚೆ, ಬಿಟ್ಟು ಬಂದ ಊರಿನಲ್ಲಿ. ಹದಿನಾರು ವರ್ಷದಿಂದ ಮುಖ ನೋಡಿರಲಿಲ್ಲ. ಸಾವಿನ ಸುದ್ದಿ ಮೊಬೈಲಿಗೆ ಬಂತು, ಅದೂ ಎರಡೇ ಸಾಲು.

"ಅಣ್ಣಾ, ಅವ್ವ ಹೋಗಿ ಇವತ್ತಿಗೆ ಒಂಬತ್ತು ದಿನ. ನಲವತ್ತೊಂಬತ್ತು ದಿನ ಕಳಿಯೋವರೆಗೂ ಹಾಡಬಾರದು. ನೀವೂ ನಮ್ಮೋರೇ ಅಲ್ವಾ, ಗೊತ್ತಿಲ್ವಾ?"

"ನಂಗೇ ಪಾಠ ಹೇಳ್ತೀಯಾ? ಈ ದೇಶದಲ್ಲಿ ಇರೋಕೆ ಸಂಘದ ಪತ್ರ ಬೇಕೋ ಬೇಡ್ವೋ? ಸೋಮವಾರ ಕೊಡದಿದ್ರೆ ನಿನ್ನ ಪರವಾನಗಿ ರದ್ದು. ಆ ಹಾಲು ಕರೆಯೋ ಹಾಡು ಹಾಡು, ಸಹಿ ಹಾಕ್ತೀನಿ. ಇಲ್ಲಾಂದ್ರೆ ಗಂಟುಮೂಟೆ ಕಟ್ಟು."

ಅವನು ಅತ್ತ ಹೋದದ್ದೇ ತಡ, ಪಕ್ಕದಲ್ಲಿ ಲೋಟ ಒರೆಸುತ್ತಿದ್ದ, ಅಡುಗೆಮನೆಯವರೆಲ್ಲ ಚಿಕ್ಕಮ್ಮ ಎಂದೇ ಕರೆಯುವ ಮುದುಕಿ ಹಲ್ಲು ಕಡಿದಳು.

"ಬೋಳಿಮಗ! ಇವನ ಬಾಯಿಗೆ ಮಣ್ಣು ಬೀಳ!" ಆಮೇಲೆ ದನಿ ತಗ್ಗಿಸಿದಳು. "ಹಾಡಿಬಿಡೇ ತಾಯಿ. ಎಲ್ಲಿಗೆ ಹೋಗ್ತೀಯ? ನಿಮ್ಮವ್ವ ಬೇಜಾರು ಮಾಡ್ಕೊಳಲ್ಲ."

ಅದು ಅವ್ವನ ಹಾಡೇ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ, ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಹಾಡುತ್ತಿದ್ದಳು.

ಕೈ ಒರೆಸಿಕೊಂಡು, ಸಂಘದ ಪೆಟ್ಟಿಗೆಯಿಂದ ತೆಗೆದ ಉಡುಪು ತೊಟ್ಟು ವೇದಿಕೆ ಹತ್ತಿದಳು. ಎದುರಿಗೆ ಮೆತ್ತನೆ ಕುರ್ಚಿಗಳಲ್ಲಿ ಅತಿಥಿಗಳು, ಎಲ್ಲರೂ ಈ ದೇಶದವರೇ. ಮೈಕಿನ ಮುಂದೆ ಬಾಯಿ ತೆರೆದಳು. ಹಾಡು ಬರಲಿಲ್ಲ. ತನ್ನ ಭಾಷೆಯಲ್ಲಿ, ಒಂದೊಂದೇ ಮಾತನ್ನು ಎಳೆದೆಳೆದು ಹೇಳಿದಳು:

"ನಮ್ಮವ್ವ ಸತ್ತುಹೋದ್ಲು. ಕೊನೇ ಸಲ ಫೋನ್ ಮಾಡಿದಾಗ, ಯಾವಾಗ ಬರ್ತೀಯ ಅಂದ್ಲು. ಬರ್ತೀನಿ ಅಂತ ಸುಳ್ಳು ಹೇಳ್ದೆ."

ಅತಿಥಿಗಳಿಗೆ ಒಂದಕ್ಷರ ತಿಳಿಯದು. ಭರ್ಜರಿ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡು, "ಎಷ್ಟು ಚೆನ್ನಾಗಿದೆ! ಇದರ ಅರ್ಥ ಏನು?" ಎಂದಳು.

ಕಾರ್ಯದರ್ಶಿ ಲಬಕ್ಕನೆ ಮೈಕು ಕಿತ್ತುಕೊಂಡ. "ವಸಂತ ಬಂತು ಅಂತ ಹುಡುಗಿ ತಾಯಿಗೆ ಹೇಳೋ ಹಾಡು, ಮೇಡಂ. ನಮ್ಮ ಜನ ಕಷ್ಟದಲ್ಲೂ ನಗ್ತಾರೆ."

"ಇನ್ನೊಂದು ಸಲ ಹಾಡಲಿ!"

ಹದಿನಾರು ವರ್ಷ ಅವರ ಎಂಜಲು ತಟ್ಟೆ ತೊಳೆದವಳು, ಅವರ ಭಾಷೆ ಅಷ್ಟಿಷ್ಟು ಕಲಿತಿದ್ದಳು. ಮೈಕಿಲ್ಲದೆಯೇ ಹೇಳಿದಳು:

"ಹಾಡು ಅಲ್ಲ. ನನ್ನ ತಾಯಿ ಸತ್ತಳು. ಅಳೋಕೆ ಬಿಡ್ತಿಲ್ಲ ಇವನು. ಹಾಡಿದ್ರೆ ಮಾತ್ರ ಕಾಗದ ಕೊಡ್ತಾನಂತೆ."

ಚಪ್ಪಾಳೆ ನಿಂತಿತು. ಯಾರೋ ಕೆಮ್ಮಿದರು. ಕಣ್ಣೊರೆಸಿಕೊಂಡಿದ್ದ ಹೆಂಗಸು ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ಕಾರ್ಯದರ್ಶಿ ನಗುನಗುತ್ತಲೇ, "ಮುಂದಿನ ಕಾರ್ಯಕ್ರಮ, ಮಕ್ಕಳ ನೃತ್ಯ" ಎಂದು ಸಾರಿ, ಅವಳ ಕಿವಿಯ ಹತ್ತಿರ ಬಾಗಿ, "ಮುಗೀತು ನಿನ್ನ ಕಥೆ. ಇಳಿ ಕೆಳಗೆ" ಎಂದ.

ಪಾತ್ರೆಯಕ್ಕ ಇಳಿಯಲಿಲ್ಲ. ವೇದಿಕೆಯ ನಟ್ಟನಡುವೆ ಕುಸಿದು ಕೂತು, "ಅವ್ವಾ!" ಎಂದು ಕೂಗಿದಳು. ಒಂಬತ್ತು ದಿನ ಸೋಪಿನ ನೀರಿನ ಮೇಲೆ ಬಾಗಿ ನುಂಗಿಕೊಂಡಿದ್ದ ಅಳುವೆಲ್ಲ ಒಮ್ಮೆಲೇ ಕಿತ್ತುಕೊಂಡು ಬಂತು. ನೃತ್ಯದ ಸಂಗೀತ ಜೋರಾಗಿ ಶುರುವಾಯಿತು. ಅವಳು ಅದಕ್ಕಿಂತ ಜೋರಾಗಿ ಅತ್ತಳು.

ಅಡುಗೆಮನೆಯಿಂದ ಚಿಕ್ಕಮ್ಮ ಒದ್ದೆ ಕೈಯಲ್ಲೇ ಓಡಿ ಬಂದಳು. ಅತಿಥಿಗಳ ನಡುವೆ ನುಗ್ಗಿ, ವೇದಿಕೆ ಹತ್ತಿ, ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಕಾರ್ಯದರ್ಶಿ ಎಬ್ಬಿಸಲು ಕೈ ಚಾಚಿದ.

"ಮುಟ್ಟಿ ನೋಡು" ಎಂದಳು ಚಿಕ್ಕಮ್ಮ.