ಬೆನ್ನಿಗೆ ಬೆನ್ನು

ಆ ಬಿಲ್ಲೆ ಹುಟ್ಟಿದ್ದೇ ಈ ಕಾರ್ಖಾನೆಯಲ್ಲಿ. ತಂತಿಯಿಲ್ಲದೆ, ಹತ್ತಿರ ಬಂದ ಇನ್ನೊಂದು ಬಿಲ್ಲೆಯನ್ನು ಗುರುತು ಹಿಡಿಯುವ ಹೆಬ್ಬೆರಳಗಲದ ವಸ್ತು. ಪರೀಕ್ಷೆಯ ಕೋಣೆಯಲ್ಲಿ ಎರಡು ಬಿಲ್ಲೆಗಳ ನಡುವೆ, ಇಲ್ಲೇ ದುಡಿಯುವ ಅಕ್ಕತಂಗಿಯರಲ್ಲಿ ಅಕ್ಕನನ್ನು ನಿಲ್ಲಿಸುತ್ತಿದ್ದರು. ಅವಳು ನಿಂತೊಡನೆ ಸಂಕೇತ ಕಡಿದುಹೋಗುತ್ತಿತ್ತು.

"ಮನುಷ್ಯರ ಮೈಯೆಲ್ಲ ನೀರು. ಅಲೆಯನ್ನ ಕುಡಿದುಬಿಡುತ್ತೆ," ಎಂದ ಎಂಜಿನಿಯರ್. "ಇದೊಂದೇ ದೋಷ ಉಳಿದಿರೋದು."

"ಯಾರದು ಸಾರ್ ದೋಷ, ಬಿಲ್ಲೆದಾ, ನಂದಾ?" ಎಂದಳು ಅಕ್ಕ.

ಎಲ್ಲರೂ ನಕ್ಕಿದ್ದರು.

ಅಂಗಡಿಗೆ ಹೋಗುವ ಮೊದಲೇ ಬಿಲ್ಲೆ ಅದನ್ನು ಮಾಡಿದವರ ಎದೆಗೆ ಬಂದು ಕೂತಿತು. ಕೆಲಸವಿಲ್ಲದೆ ಇಬ್ಬರು ಹತ್ತಿರ ನಿಂತರೆ ಕೆಂಪು ದೀಪ; ಮೇಸ್ತ್ರಿಯ ಪರದೆಯಲ್ಲಿ ಇಬ್ಬರ ನಂಬರು. ಮತ್ತೆ ಮತ್ತೆ ಹತ್ತಿದರೆ ಮನೆ ದಾರಿ. ಪತ್ರಿಕೆಗಳು ಹಾಡಿ ಹೊಗಳಿದವು. ಸಂಘ ಕಟ್ಟಲು ಹೊರಟವರು ಮೊದಲು ಸಿಕ್ಕಿಬಿದ್ದರು. ನಮ್ಮದು ಅಂತ ಉಳಿದಿದ್ದ ನಾಲ್ಕು ಮಾತನ್ನೂ ಕಿತ್ತುಕೊಂಡು ಅದಕ್ಕೆ ಶಿಸ್ತೆಂದು ಹೆಸರಿಟ್ಟರು.

ಅದೇ ಶೆಡ್ಡಿನಲ್ಲಿ ಬೆಸುಗೆ ಹಾಕುವ ತಂಗಿಗೆ ಬಸಿರು ಇಳಿದುಹೋಯಿತು. ಮೈ ಆರುವ ಮೊದಲೇ ಕೆಲಸಕ್ಕೆ ಕರೆಸಿಕೊಂಡರು. ಊರಿನ ಎರಡು ತುದಿಗೆ ಸೊಸೆಯರಾಗಿ ಹೋದ ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದುದು ಇಲ್ಲೇ.

ನಲ್ಲಿಯ ಹತ್ತಿರ ಅಕ್ಕ ಪಿಸುಗುಟ್ಟಿದಳು: "ತಿರುಗಿ ನಿಲ್ಲೇ. ಬೆನ್ನಿಗೆ ಬೆನ್ನು ಕೊಡು."

ಎದೆಯ ಬಿಲ್ಲೆಗಳ ನಡುವೆ ಈಗ ಎರಡು ಮೈ. ದೀಪ ಹತ್ತಲಿಲ್ಲ.

"ಹೆಣ್ಣಂತೆ ಅಕ್ಕ," ಎಂದಳು ತಂಗಿ. ಅವಳ ಬಿಕ್ಕು ಅಕ್ಕನ ಬೆನ್ನುಮೂಳೆಗೆ ಇಳಿಯಿತು. ತಲೆ ಸವರಲು ಕೈ ಹಿಂದಕ್ಕೆ ಎಟುಕಲಿಲ್ಲ.

ಕೆಲವೇ ದಿನಗಳಲ್ಲಿ ನಲ್ಲಿಯ ಬಳಿ ಹೆಂಗಸರೆಲ್ಲ ಹಾಗೇ ನಿಲ್ಲತೊಡಗಿದರು. "ಗಂಡನ ಜೊತೆ ಮುನಿಸಿಕೊಂಡು ಮಲಗೋ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಂತು ನೋಡು," ಎಂದು ಪ್ಯಾಕಿಂಗಿನವಳು ಗೋಡೆಗೆ ಹೇಳಿದಳು.

ಮೇಸ್ತ್ರಿ ಕುರುಡನಲ್ಲ. ಎಂಜಿನಿಯರ್ ದೋಷ ತಿದ್ದಲು ಕೂತ. ಮೈ ಅಡ್ಡ ಬಂದರೂ ಸೋಲದ ಹೊಸ ಬಿಲ್ಲೆಗಾಗಿ ನಡುವೆ ನಿಂತವಳೂ ಅಕ್ಕನೇ. ಒಲ್ಲೆನೆಂದರೆ ಅವಳ ಜಾಗದಲ್ಲಿ ನಿಲ್ಲಲು ಬಾಗಿಲಲ್ಲಿ ಹತ್ತು ಜನ ಕಾಯುತ್ತಿದ್ದರು. ಸಂಕೇತ ಕಡಿಯದ ದಿನ ಚಪ್ಪಾಳೆ ಬಿತ್ತು, ಕೇಕು ಕತ್ತರಿಸಿದರು. ಅವಳಿಗೂ ಒಂದು ಚೂರು ಕೊಟ್ಟರು.

ಹೊಸ ಬಿಲ್ಲೆ ಹಂಚಿದ ದಿನ ತಂಗಿ ಎಂದಿನಂತೆ ಬಂದು ಬೆನ್ನು ತಿರುಗಿಸಿದಳು. ದೀಪ ಹತ್ತಿತು.

ಅಕ್ಕ ತಿರುಗಿ ಅವಳ ಭುಜ ಹಿಡಿದಳು. "ಹೇಗಿದ್ರೂ ಹತ್ತುತ್ತೆ. ಮುಖ ಆದ್ರೂ ತೋರ್ಸು."

ತಂಗಿ ತಿರುಗಿ ಎರಡೂ ದೀಪ ನೋಡಿದಳು. ಅಕ್ಕನ ಕೈಯನ್ನು ಮೆಲ್ಲಗೆ ಬಿಡಿಸಿದಳು.

"ಬೇಡಕ್ಕ. ಇಬ್ಬರ ಒಲೆನೂ ಆರುತ್ತೆ."

ಹಿಂದೆ ಹಿಂದೆ ಸರಿದಳು. ದೀಪ ಆರಿದಲ್ಲಿ ನಿಂತು, ತೋಳಿಗೆ ಬಾಯೊತ್ತಿ ಅತ್ತಳು.